ಮೇಜಿನ ಕಾಲಡಿಯ ಸಮುದ್ರ

ಮನೆಯಿಂದ,
ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಈ ಮನೆಯ ಚರಿತ್ರೆಯಲ್ಲಿ ಸುವರ್ಣಾಕ್ಷರಗಳಲ್ಲಿ ಬರೆದಿಡಬೇಕಾದ ಸಂಗತಿಯೊಂದನ್ನು ಮೊದಲೇ ಘೋಷಿಸಿಬಿಡುತ್ತೇನೆ: ನಮ್ಮ ಊಟದ ಮೇಜು ಇನ್ನು ಮೇಲೆ ಕುಂಟುವುದಿಲ್ಲ. ಅದಿರಲಿ, ನಿನ್ನ ಕೆಮ್ಮು ಹೇಗಿದೆ? ಬಿಸಿನೀರು ಕುಡಿಯುತ್ತಿದ್ದೀಯೋ, ಇಲ್ಲ ಕುಡಿದೆ ಎಂದು ಫೋನಿನಲ್ಲಿ ಹೇಳಿ ಮುಗಿಸುತ್ತಿದ್ದೀಯೋ? ಇಲ್ಲಿ ಅಪ್ಪನ ಮೊಣಕಾಲು, ಅಮ್ಮನ ಕನ್ನಡಕ, ನನ್ನ ಹೊಟ್ಟೆ ಮೂರೂ ತಂತಮ್ಮ ಜಾಗದಲ್ಲಿವೆ; ಕೊನೆಯದು ಮಾತ್ರ ಸ್ವಲ್ಪ ಮುಂದೆ ಬಂದಿದೆ.

ಮೇಜಿನ ಕಥೆ ಹೀಗೆ. ಅಪ್ಪನಿಗೆ ಕೊನೆಗೂ ಒಂದು ವಾರ ರಜೆ ಸಿಕ್ಕಿತು. ಲಿಫ್ಟ್ ರಿಪೇರಿಯವರಿಗೆ ರಜೆ ಸಿಗುವುದೆಂದರೆ ಊರಿನ ಲಿಫ್ಟುಗಳಿಗೆಲ್ಲ ಒಟ್ಟಿಗೆ ಸದ್ಬುದ್ಧಿ ಬಂದಂತೆ. ಸಂಜೆ ಬರುವಾಗ ಪ್ರವಾಸದ ಪುಸ್ತಿಕೆಯೊಂದನ್ನು ಹಿಡಿದು ಬಂದರು. ದಪ್ಪ, ನುಣುಪು, ಪುಟಪುಟಕ್ಕೂ ಸಮುದ್ರ. ಅಪ್ಪ ಬೆಟ್ಟ ಎಂದರು, ನಾನು ಕಡಲು ಎಂದೆ, ಅಪ್ಪ ಮೇಜು ಗುದ್ದಿದರು, ನೀರಿನ ಲೋಟ ಉರುಳಿತು. ಅಮ್ಮ ಹೊಲಿಗೆ ಮಷೀನು ನಿಲ್ಲಿಸಿ, "ಎಲ್ಲಿಗೆ ಅನ್ನೋದು ಆಮೇಲೆ. ಯಾಕೆ ಹೋಗ್ಬೇಕು, ಅದನ್ನ ಮೊದಲು ಹೇಳಿ. ಊರಿನ ಹೆಸರು ಎತ್ತಿದವ್ರೇ ಇವತ್ತು ಪಾತ್ರೆ ತೊಳೀಬೇಕು" ಎಂದಳು.

ಇದೇನು ಮಹಾ ಎಂದುಕೊಂಡೆವು. ಅಪ್ಪ, "ಗಾಳಿ ಬದಲಾವಣೆಗೆ" ಎಂದರು. "ಕಿಟಕಿ ತೆಗೀರಿ, ಬದಲಾಗುತ್ತೆ" ಎಂದಳು ಅಮ್ಮ. ನಾನು ಫೋಟೋ ತೆಗೆಯುವುದಕ್ಕೆ ಎಂದು ಬಾಯಿ ತೆರೆದವನು, ಅವಳ ಮುಖ ನೋಡಿ ಮುಚ್ಚಿಕೊಂಡೆ. ಅಪ್ಪ ಉರುಳಿದ ಲೋಟ ಎತ್ತಿಟ್ಟು, "ಮೇಲೆ ಕೆಳಗೆ ಹೋಗೋ ಯಂತ್ರ ಒಂದೂ ಇಲ್ಲದ ಕಡೆ ಇರ್ಬೇಕು ಕಣೇ. ಹೋದ ಸಲ ಆ ಹೋಟೆಲಿನ ಲಿಫ್ಟಿನ ಕಿರಿಕಿರಿ ಕೇಳ್ಕೊಂಡೇ ಮಲಗ್ತಿದ್ದೆ. ಕೊನೆಗೆ ತಡೀಲಾರದೆ ಸ್ಕ್ರೂಡ್ರೈವರ್ ತಗೊಂಡೆ" ಎಂದರು. "ಸಮುದ್ರ ನೋಡಿದ್ದು ನಾನೊಬ್ಬಳೇ" ಎಂದಳು ಅಮ್ಮ.

ನನ್ನ ಸರದಿ ಬಂತು. ನನ್ನ ಕೆಲಸ ನಿನಗೆ ಗೊತ್ತಲ್ಲ, ಪಾಸ್‌ಪೋರ್ಟಿನ ಫೋಟೋ. ಬೆಳಗಿನಿಂದ ಸಂಜೆಯವರೆಗೆ ಜನರಿಗೆ ನಗಬೇಡಿ ಎಂದು ಹೇಳುವುದಕ್ಕೆ ಸಂಬಳ. "ಯಾರಾದ್ರೂ ಜೋರಾಗಿ ನಗೋದನ್ನ ಕೇಳ್ಬೇಕು" ಎಂದುಬಿಟ್ಟೆ. ಅಂದ ಮೇಲೆ ನನಗೇ ಹೊಳೆಯಿತು, ಯಾರ ನಗು ಎಂದು. ರೇಡಿಯೋ ಎಂದು ತಿಳಿದು, ಸ್ವಲ್ಪ ಸಣ್ಣದು ಮಾಡಿ ಎಂದು ಪಕ್ಕದ ಮನೆಯವರು ಬಂದು ಹೇಳಿದ್ದ ನಿನ್ನ ನಗು ಅದು. ಈಚೆಗೆ ಫೋನಿನಲ್ಲಿ ಬರೀ ಹೂಂ ಎನ್ನುವುದಕ್ಕೆ ಇಳಿದಿದೆ.

ಅಮ್ಮ ಅಷ್ಟರಲ್ಲಿ ಸೂಜಿಗೆ ದಾರ ಪೋಣಿಸತೊಡಗಿದ್ದಳು, ಆಗಲೇ ಪೋಣಿಸಿದ್ದ ಸೂಜಿಗೆ. "ನಂಗೆ ಒಂದು ಪರದೆ ಹಾಕ್ಬೇಕು" ಎಂದಳು, ಅಷ್ಟೇ. ಯಾರ ಕಿಟಕಿಗೆ ಎಂದು ನಾವು ಕೇಳಲಿಲ್ಲ. ಗಂಡನ ಮನೆ ಬಿಟ್ಟು ಬೇರೆ ಬಾಡಿಗೆ ಮನೆ ಮಾಡಿದಾಗಿನಿಂದ ಕಿಟಕಿಗೆ ಹಳೆಯ ಪೇಪರು ಅಂಟಿಸಿಕೊಂಡಿದ್ದೇನೆ ಎಂದವಳು ನೀನೇ. ಮನೆ ಒಂದು ರೂಪಕ್ಕೆ ಬರಲಿ, ಆಮೇಲೆ ಕರೆಯುತ್ತೇನೆ ಎಂದವಳೂ ನೀನೇ. ಅಮ್ಮ ನಿನ್ನ ಮಾತು ಮೀರುವವಳಲ್ಲ. ಬಟ್ಟೆ ಮಾತ್ರ ತಂದಿಟ್ಟಿದ್ದಾಳೆ. ಹಳದಿ, ಮೇಲೆ ಸಣ್ಣ ಸಣ್ಣ ಎಲೆ.

ಮೂವರ ಉದ್ದೇಶಕ್ಕೂ ಒಪ್ಪುವ ಊರಿಗಾಗಿ ಪುಸ್ತಿಕೆ ಪೂರ್ತಿ ತಿರುವಿದೆವು. ಲಿಫ್ಟಿಲ್ಲದ ನಿನ್ನ ಮೂರನೇ ಮಹಡಿ, ನೋಡಲು ಏನೂ ಇಲ್ಲದ ಬೀದಿ, ಪರದೆಯಿಲ್ಲದ ಕಿಟಕಿ: ಇಂಥ ಪ್ರೇಕ್ಷಣೀಯ ಸ್ಥಳವನ್ನು ಯಾರು ತಾನೇ ಅಚ್ಚು ಹಾಕಿಸಿಯಾರು? ಅಪ್ಪ ಅದನ್ನು ಮಡಚಿ ಮೇಜಿನ ಕುಂಟು ಕಾಲಿನ ಕೆಳಗೆ ತುರುಕಿದರು. ಸಮುದ್ರ ಕೊನೆಗೂ ಒಂದು ಉಪಯೋಗಕ್ಕೆ ಬಂತು.

ಅಪ್ಪ ಅಮ್ಮ ಇಬ್ಬರೂ ನಿನ್ನ ತಲೆ ಸವರಿದ್ದಾರೆ ಎಂದು ತಿಳಿದುಕೋ.

ನಿನ್ನ ತಮ್ಮ,
ಗುಬ್ಬಿ
(ಈ ಹೆಸರಿಟ್ಟವಳು ಈಗಿನ ತೂಕಕ್ಕೆ ಜವಾಬ್ದಾರಳಲ್ಲ)

ಮರೆತಿದ್ದೆ: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ನಿನ್ನ ಮನೆ ರೂಪಕ್ಕೆ ಬರುವ ಮೊದಲೇ ನಾವು ಬರಬಹುದೇ ಎಂದು ಕೇಳುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ, ಹಾಗಾಗಿ ಕೇಳುತ್ತಿಲ್ಲ. ಬೇಡ ಎನಿಸಿದರೆ ಸುಮ್ಮನಿದ್ದುಬಿಡು. ಪುಸ್ತಿಕೆ ಹೊರಗೆಳೆದು ಸಮುದ್ರಕ್ಕೆ ಹೋಗುತ್ತೇವೆ, ಮೇಜು ಕುಂಟಲಿ, ಯಾರೂ ಮುನಿಸಿಕೊಳ್ಳುವುದಿಲ್ಲ. ಬೇಡ ಎನಿಸದಿದ್ದರೆ ಒಂದು ಸಣ್ಣ ಉಪಕಾರ ಮಾಡು: ಕಿಟಕಿಯ ಅಗಲ, ಎತ್ತರ ಅಳೆದು ಕಳಿಸು. ಗೇಣಿನ ಲೆಕ್ಕ ಬೇಡ, ಟೇಪಿನಲ್ಲೇ ಅಳೆ.