ಅವಸರದ ಚಪ್ಪಾಳೆ

ಸಾಲ್ಟೊ, ಆಗಸ್ಟ್ 17, ಶನಿವಾರ

ಆ ಚಪ್ಪಾಳೆಯನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಬಡಾವಣೆಯ ಗಾಯನವೃಂದದಲ್ಲಿ ನೆಲಿದಾ ಹಾಡುತ್ತಾಳೆಂದೇ ಹೋಗಿದ್ದೆ. ನಾವು ಬೇರೆಯಾದ ಮೇಲೆ ಅವಳ ದನಿ ಕೇಳಿದ್ದು ಇದೇ ಮೊದಲು. ಬಾಗಿಲಲ್ಲೇ, ಜನರನ್ನು ಒಳಗೆ ಬಿಡುತ್ತಿದ್ದ ನೆರೆಮನೆಯ ಒಫೆಲಿಯಾ ಎಚ್ಚರಿಸಿದ್ದರು: “ಹಾಡಿಸೋರು ಕೈ ಇಳಿಸೋವರೆಗೂ ಚಪ್ಪಾಳೆ ಇಲ್ಲ. ನಿಮಗೇ ಹೇಳ್ತಿರೋದು, ಅನಿಬಾಲ್!”

ಹಾಡು ನಡುವೆ ಒಂದು ಕ್ಷಣ ನಿಂತಿತು. ಮುಗಿಯಿತೆಂದುಕೊಂಡು ತಟ್ಟಿಬಿಟ್ಟೆ. ಇಡೀ ಸಭಾಂಗಣದಲ್ಲಿ ನನ್ನದೊಂದೇ ಸದ್ದು. ಎಲ್ಲರೂ ತಿರುಗಿದರು. ನೆಲಿದಾ ಕೂಡ ನೋಡಿದಳು, ತುಟಿ ಕಚ್ಚಿ ನಗು ತಡೆದಳು.

ಹೊರಗೆ ಸಿಕ್ಕಾಗ, “ನಾನು ಮುಗಿಸೋವರೆಗೂ ಕಾಯೋಕೆ ನಿನಗೆ ಯಾವತ್ತೂ ಆಗಲ್ಲ ಅಲ್ವಾ?” ಅಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಗೆಳತಿಯರು ಅವಳ ತೋಳು ಹಿಡಿದು ಕರೆದೊಯ್ದರು.

ಉತ್ತರ ಹೊಳೆದದ್ದು ಮನೆಗೆ ಬಂದಮೇಲೆ. “ಮುಗಿಸು ನೆಲಿದಾ, ಕೇಳ್ತೀನಿ.” ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಹೇಳಿಯೂ ನೋಡಿದೆ. ಆಮೇಲೆ ಅವಳು ಎದುರಿಗೇ ಇದ್ದಾಳೆಂಬಂತೆ ಕುರ್ಚಿ ಎಳೆದುಕೊಂಡು ಕಾಯುತ್ತಾ ಕೂತೆ.