ತಮ್ಮ ಜೀಪನ್ನು ಎತ್ತಿದ ಹುಲ್ಲಿನ ಪರವಾಗಿ

ಮಾನ್ಯ ತೋಟಗಾರಿಕೆ ಅಧಿಕಾರಿಗಳೇ,

ನಮ್ಮ ದ್ರಾಕ್ಷಿ ತೋಟದ ಸಾಲುಗಳ ನಡುವೆ ಹುಲ್ಲು ಬೆಳೆದಿದೆ ಎಂದು ತಾವು ಕಂಡುಹಿಡಿದಿದ್ದೀರಿ. ಅಭಿನಂದನೆಗಳು. ಬೀಜ ಚೆಲ್ಲಿ ಅದನ್ನು ಬೆಳೆಸಿದವರು ನಾವೇ ಆದ್ದರಿಂದ ಈ ಸಂಶೋಧನೆ ನಮಗೆ ಅಷ್ಟೇನೂ ಆಶ್ಚರ್ಯ ತರಲಿಲ್ಲ. ಆಶ್ಚರ್ಯ ತಂದದ್ದು ತಮ್ಮ ನೋಟಿಸು. ನಮ್ಮದು 'ನಿರ್ಲಕ್ಷ್ಯಕ್ಕೊಳಗಾದ ತೋಟ'ವಂತೆ. ಕೊಯ್ಲಿಗೆ ಮುಂಚೆ ಕಳೆನಾಶಕ ಹೊಡೆದು ನೆಲ ಬೋಳಿಸದಿದ್ದರೆ ಕಾಲುವೆಯ ನೀರು ನಿಲ್ಲಿಸುತ್ತೀರಂತೆ. ಕಾಯಿ ಬಣ್ಣ ತಿರುಗುತ್ತಿರುವ ಈ ಹೊತ್ತಿನಲ್ಲಿ ನೀರು ನಿಂತರೆ ಗೊಂಚಲು ಬಳ್ಳಿಯಲ್ಲೇ ಮುರುಟಿಹೋಗುತ್ತದೆ. ಅಂದರೆ ನಾವು ಒಂದೋ ಈ ವರ್ಷದ ಬೆಳೆ ಕಳೆದುಕೊಳ್ಳಬೇಕು, ಇಲ್ಲವೇ ಮಣ್ಣನ್ನು. ಆಯ್ಕೆಯನ್ನು ನಮಗೇ ಬಿಟ್ಟುಕೊಟ್ಟ ತಮ್ಮ ಔದಾರ್ಯಕ್ಕೆ ಏನು ಹೇಳಲಿ?

ಆ ನೋಟಿಸಿನ ನೆತ್ತಿಯ ಮೇಲೆ 'ಸುಸ್ಥಿರ ಕೃಷಿ, ಸುಭದ್ರ ನಾಳೆ' ಎಂದು ಹಸಿರು ಅಕ್ಷರಗಳಲ್ಲಿ ಅಚ್ಚಾಗಿದೆ. ತಮ್ಮ ಇಲಾಖೆಯಲ್ಲಿ ಹಸಿರು ಉಳಿದಿರುವುದು ಆ ಶಾಯಿಯಲ್ಲಿ ಮಾತ್ರ ಎಂದು ಕಾಣುತ್ತದೆ. ಸುಸ್ಥಿರ ಎಂದರೆ ತಮ್ಮ ಪ್ರಕಾರ ಏನು? ತಿಂಗಳಿಗೊಂದು ಸಭೆ, ಮೇಜಿನ ತುಂಬ ನೀರಿನ ಬಾಟಲಿ, ಕೊನೆಯಲ್ಲಿ ಒಂದು ಗುಂಪು ಫೋಟೋ? ತಮ್ಮ ಪರಿವೀಕ್ಷಕರು ನಮ್ಮ ತೋಟವನ್ನು ಪರಿಶೀಲಿಸಿದ್ದು ಜೀಪಿನ ಕಿಟಕಿಯಿಂದ. ಗಾಜು ಅರ್ಧ ಇಳಿಸಿ, "ಏನಮ್ಮಾ, ತೋಟಾನ ಹೀಗಾ ಬಿಟ್ಕೊಳ್ಳೋದು?" ಎಂದರು. ನಾನು ಉತ್ತರ ಕೊಡುವಷ್ಟರಲ್ಲಿ ಗಾಜು ಮೇಲೇರಿತ್ತು.

ಅವರಿಗೆ ಕೊಡಲಾಗದ ಉತ್ತರವನ್ನು ತಮಗೇ ಕೊಡುತ್ತೇನೆ. ನಮ್ಮ ಮಾವನವರ ಯಜಮಾನಿಕೆಯಲ್ಲಿ ಈ ತೋಟ ತಾವು ಮೆಚ್ಚುವ ಹಾಗೆಯೇ ಇತ್ತು. ಒಂದು ಎಳೆ ಹುಲ್ಲು ತಲೆಯೆತ್ತಿದರೂ ಗುದ್ದಲಿ ಹಿಡಿದು ಓಡುತ್ತಿದ್ದರು. "ಸೂಜಿ ಬಿದ್ರೂ ಕಣ್ಣಿಗೆ ಕಾಣ್ಬೇಕು" ಎನ್ನುವುದು ಅವರ ಹೆಮ್ಮೆ. ನಮ್ಮದು ಇಳಿಜಾರು. ಒಂದು ವರ್ಷ ರಾತ್ರಿಯಿಡೀ ಮಳೆ ಹೊಡೆಯಿತು. ಬೆಳಿಗ್ಗೆ ಕೆಳಗಿನ ಮನೆಯ ದರ್ಜಿ ಅಕ್ಕ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಬಂದು, "ನಿಮ್ಮ ತೋಟ ನಮ್ಮ ಹಿತ್ತಲಿಗೆ ಬಂದಿದೆ, ಸ್ವಲ್ಪ ಕರ್ಕೊಂಡು ಹೋಗ್ತೀರಾ?" ಎಂದರು. ಮೇಲೆ ಹೋಗಿ ನೋಡಿದರೆ ಬಳ್ಳಿಗಳ ಬೇರು ಹೊರಗೆ ಬಿದ್ದಿತ್ತು. ಮನೆಮಂದಿಯೆಲ್ಲ ಬುಟ್ಟಿಯಲ್ಲಿ ಮಣ್ಣು ಹೊತ್ತೆವು.

ಹುಲ್ಲನ್ನೂ ಕಾಳಿನ ಗಿಡಗಳನ್ನೂ ಸಾಲಿನ ನಡುವೆ ಬೆಳೆಸೋಣ ಎಂದದ್ದು ನನ್ನ ನಾದಿನಿ. "ಅಪ್ಪಾ, ನೆಲಕ್ಕೂ ಮೈಮೇಲೊಂದು ಬಟ್ಟೆ ಬೇಡ್ವಾ?" ಎಂದು ಕೇಳಿದಳು. ಮಾವ ಮೂಗು ಮುರಿದರು, "ಇದೇನು ದ್ರಾಕ್ಷಿ ತೋಟಾನಾ, ಗೋಮಾಳಾನಾ?" ಎಂದು ಕೂಗಾಡಿದರು, ಮುನಿಸಿಕೊಂಡು ಇಡೀ ಹಂಗಾಮು ತೋಟಕ್ಕೆ ಕಾಲಿಡಲಿಲ್ಲ. ಮುಂದಿನ ದೊಡ್ಡ ಮಳೆಯ ಮರುದಿನ ಕದ್ದು ಹೋಗಿ ನೋಡಿ ಬಂದರು. ಮಣ್ಣು ಇದ್ದಲ್ಲೇ ಇತ್ತು. ಅಂದಿನಿಂದ ಬೀಜದ ಚೀಲ ಬೇರೆಯವರ ಕೈಗೆ ಕೊಟ್ಟಿಲ್ಲ. ಹುಲ್ಲು ಎತ್ತರವಾದರೆ ನಾವು ಕುಡುಗೋಲಿನಲ್ಲಿ ಕೊಯ್ದು ಬಳ್ಳಿಯ ಬುಡಕ್ಕೆ ಹೊದಿಸುತ್ತೇವೆ. ಇದು ನಿರ್ಲಕ್ಷ್ಯವಾದರೆ, ಇಷ್ಟು ಸೊಂಟ ನೋಯುವ ನಿರ್ಲಕ್ಷ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ತಮ್ಮ ಪರಿವೀಕ್ಷಕರ ಕಥೆಗೆ ಬರುತ್ತೇನೆ. ನಮ್ಮನ್ನು ತರಾಟೆಗೆ ತೆಗೆದುಕೊಂಡು ಅವರು ನೇರ ಹೋದದ್ದು ಪಕ್ಕದ ತೋಟಕ್ಕೆ. ಅದಕ್ಕೆ ತಾವು 'ಮಾದರಿ ತೋಟ' ಎಂಬ ಫಲಕ ಕೊಟ್ಟಿದ್ದೀರಿ. ಅಲ್ಲಿ ಒಂದು ಎಳೆ ಹುಲ್ಲಿಲ್ಲ. ಹಿಂದಿನ ರಾತ್ರಿ ಮಳೆಯಾಗಿತ್ತು. ಫಲಕದ ಮುಂದೆಯೇ ಜೀಪು ಕೆಸರಿನಲ್ಲಿ ಅರ್ಧ ಚಕ್ರ ಹೂತು ನಿಂತಿತು. ಸ್ವಲ್ಪ ಹೊತ್ತಿಗೆ ಸಾಹೇಬರು ಬೂಟು ಕೈಯಲ್ಲಿ ಹಿಡಿದು ನಮ್ಮ ಗೇಟಿನ ಹತ್ತಿರ ಬಂದರು. "ಅಮ್ಮಾ, ಚಕ್ರದ ಕೆಳಗೆ ಹಾಕೋಕೆ ಒಂದಿಷ್ಟು ಹುಲ್ಲು ಸಿಗತ್ತಾ?"

ಕುರ್ಚಿಯಲ್ಲಿ ಕೂತಿದ್ದ ಮಾವ ಹೇಳಿದರು: "ತಗೊಳ್ಳಿ ಸಾಹೇಬ್ರೇ, ಎಷ್ಟು ಬೇಕಾದ್ರೂ ತಗೊಳ್ಳಿ. ಹೀಗೆ ಬಿಟ್ಕೊಂಡಿದ್ದಕ್ಕೇ ಇದೆ."

ನನ್ನ ಗಂಡ, ನಾದಿನಿ ಹೊರೆಗಟ್ಟಲೆ ಕೊಯ್ದು ಕೊಟ್ಟು, ಹಿಂದಿನಿಂದ ತಳ್ಳಿದರು. ಜೀಪು ಎದ್ದಿತು, ನನ್ನ ಗಂಡನ ಮುಖಕ್ಕೆ ಕೆಸರು ಎರಚಿ ಹೊರಟುಹೋಯಿತು. ಆಮೇಲೆ ಬಂದದ್ದು ತಮ್ಮ ನೋಟಿಸು.

ಅದನ್ನು ಓದಿ ಹೇಳಿದಾಗ ಮಾವ, "ನಾನು ಅವತ್ತು ಮಾಡಿದ ತಪ್ಪನ್ನ ಇವತ್ತು ಇವರು ಆರ್ಡರ್ ಹಾಕಿ ಮಾಡಿಸ್ತಾರಾ?" ಎಂದು ಕೇಳಿದರು. ಈ ವಯಸ್ಸಿನಲ್ಲಿ ತನ್ನ ಹಠ ಬಿಟ್ಟು ಕಲಿತ ಮನುಷ್ಯನಿಂದ ತಾವು ಆ ಕಲಿಕೆಯನ್ನೇ ಕಿತ್ತುಕೊಳ್ಳಲು ಹೊರಟಿದ್ದೀರಿ ಎಂದು ನನಗೆ ಮೈಯೆಲ್ಲ ಉರಿಯಿತು. ಅದಕ್ಕೇ ಈ ಪತ್ರವನ್ನು ತಮ್ಮ ಕಚೇರಿಗೆ ಹಾಕದೆ ಎಲ್ಲರ ಮುಂದೆ ಇಟ್ಟಿದ್ದೇನೆ.

ನಮ್ಮ ಬೇಡಿಕೆ ದೊಡ್ಡದಲ್ಲ. ನೋಟಿಸು ಹಿಂತೆಗೆದುಕೊಳ್ಳಿ, ನೀರಿಗೆ ಕೈ ಹಾಕಬೇಡಿ. ಆಮೇಲೂ ಅನುಮಾನವಿದ್ದರೆ ಒಂದು ಮಳೆಯ ಮರುದಿನ ತಾವೇ ಬಂದು ಎರಡೂ ತೋಟಗಳಲ್ಲಿ ನಡೆದು ನೋಡಿ. ನಡೆಯುವುದು ಕಷ್ಟವೆಂದರೆ ಜೀಪಿನಲ್ಲೇ ಬನ್ನಿ, ಅಡ್ಡಿಯಿಲ್ಲ. ಆದರೆ ಹುಲ್ಲನ್ನೆಲ್ಲ ಸುಡಿಸಿದ ಮೇಲೆ ಬಂದು ಸಿಕ್ಕಿಕೊಂಡರೆ, ಚಕ್ರದ ಕೆಳಗೆ ಹಾಕಲು ನಮ್ಮ ಹತ್ತಿರ ತಮ್ಮ ನೋಟಿಸು ಬಿಟ್ಟು ಬೇರೇನೂ ಇರುವುದಿಲ್ಲ.

ಇಂತಿ,
ತಮ್ಮ ಕಡತದಲ್ಲಿ ನಿರ್ಲಕ್ಷ್ಯಗಾರಳೆಂದು ದಾಖಲಾಗಿ, ಸದ್ಯ ಕುಡುಗೋಲು ಮಸೆಯುತ್ತಿರುವ
ದ್ರಾಕ್ಷಿ ತೋಟದ ಮನೆಯ ಸೊಸೆ