ಕುಂಬಳದ ಹೂವು, ಜೋಳದ ತೆನಿ

ನವೆಂಬರ್ ೧೩, ಗುರುವಾರ

ಅತ್ತಿಯ ಮಾತು ಇನ್ನೂ ಕಿವಿಯಾಗ ಕುಟ್ಟಾಕ ಹತ್ತೈತಿ. ಬೆಳಿಗ್ಗೆ ಹಿತ್ತಲದಾಗ ಕುಂಬಳದ ಬಳ್ಳಿ ತೋರಿಸಿ, ಓಣಿಗೆಲ್ಲಾ ಕೇಳೋಹಂಗ ಅಂದಳು: "ನನ್ನ ಹಿರೇಸೊಸಿ ಜೋಳ ಇದ್ದಂಗ, ತೆನಿ ತುಂಬ ಕಾಳು. ಈಕಿ ಕುಂಬಳ. ಬರೇ ಹೂವು, ಒಂದು ಕಾಯಿಲ್ಲ."

ಹೈಸ್ಕೂಲಿನಾಗ ವಿಜ್ಞಾನ ಕಲಸಾಕಿ ನಾನು. ಸುಮ್ನಿರಾಕ ಆಗಲಿಲ್ಲ.

"ನೋಡ್ರಿ ಅತ್ತಿ, ಜೋಳಕ್ಕ ಒಂದೇ ಹೂವಿನಾಗ ಗಂಡು ಹೆಣ್ಣು ಎರಡೂ ಇರ್ತಾವ, ಗಾಳಿ ಬೀಸಿದ್ರ ಸಾಕು. ಕುಂಬಳಕ್ಕ ಗಂಡು ಹೂವು ಬ್ಯಾರೆ, ಹೆಣ್ಣು ಹೂವು ಬ್ಯಾರೆ. ಗಂಡು ಹೂವು ಸರಿ ಇಲ್ದಿದ್ರ ಹೆಣ್ಣು ಹೂವು ಹಂಗ ಉದುರತೈತಿ. ನಿಮ್ಮ ಮಗನ್ನೂ ಒಮ್ಮೆ ಡಾಕ್ಟರಿಗೆ ತೋರಸ್ರಿ."

"ನಾಲಿಗಿ ಸೀಳ್ತೀನಿ" ಅಂತ ಮೈಮ್ಯಾಲೆ ಬಂದಳು. ನನ್ನ ಗಂಡ ಗುರುಬಸವರಾಜ ಅಲ್ಲೇ ಹಲ್ಲುಜ್ಜಿಕೋತ ನಿಂತಿದ್ರು. ಬಾಯಿ ಮುಕ್ಕಳಿಸಿ ಒಳಗ ಹೋದ್ರು.

ನನ್ನ ಸ್ಕೂಲಿಗೆ ಬಿಡಾಕ ಹೊಂಟವರು, ಮಾಗಳ ಊರು ದಾಟಿದ ಮ್ಯಾಲೆ ಬೈಕ್ ನಿಲ್ಲಿಸಿದ್ರು.

"ಹೋದ ವರ್ಷಾನ ಬಳ್ಳಾರ್ಯಾಗ ತೋರ್ಸೀನಿ. ತೊಂದ್ರಿ ನಂದ ಅಂದ್ರು. ಅವ್ವಗ ಹೇಳಬ್ಯಾಡ."

ನಾನು ಬೈಕಿನಿಂದ ಇಳದು ನಡಕೋತ ಹೋದೆ.

ಈ ವರ್ಷಪೂರ್ತಿ ನಾ ಹರಕಿ ಹೊತ್ತೀನಿ, ಉಪವಾಸ ಬಿದ್ದೀನಿ, ಅತ್ತಿ ಕೊಟ್ಟ ಕಹಿ ಬೇರು ಅರದು ಕುಡದೀನಿ. ಇವ ಎಲ್ಲಾ ಗೊತ್ತಿದ್ದೂ ನೋಡಿಕೋತ ಕುಂತಿದ್ದ. ಲೋಟ ತೊಳದು ಕೊಡ್ತಿದ್ದವನೂ ಅವನ. ಮಕ್ಕಳಾಗದ್ದಕ್ಕ ಅವನ ಮ್ಯಾಲೆ ನನಗ ಸಿಟ್ಟಿಲ್ಲ. ಆ ಲೋಟ ತೊಳದು ಕೊಟ್ಟದ್ದಕ್ಕ ಸಿಟ್ಟು.

ಈಗ ಪಕ್ಕದಾಗ ಗೊರಕಿ ಹೊಡ್ಯಾಕ ಹತ್ತ್ಯಾನ. ನಾಳೆ ಅತ್ತಿ ಮತ್ತ ಶುರು ಮಾಡ್ತಾಳ. ಆಗ ಇವನ ಮುಖ ಒಂದ್ಸಲ ನೋಡ್ತೀನಿ. ಬಾಯಿ ಬಿಡದಿದ್ರ, ನಾನ ಓಣಿಗೆಲ್ಲಾ ಕೇಳೋಹಂಗ ಹೇಳ್ತೀನಿ.